ಫೋನು ಯಾರ ಕೈಯಲ್ಲಿ, ಎಷ್ಟು ಹೊತ್ತಿಗೆ?



ಮಕ್ಕಳ ಕಲಿಕೆಗೆ ಕನ್ನಡದಲ್ಲಿ ಒಳ್ಳೆಯ ಸಾಮಗ್ರಿಯೇ ಇಲ್ಲ ಎಂಬ ದೂರನ್ನು ಹದಿನೈದು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಹೌದೆಂದು ತಲೆಯಾಡಿಸಬಹುದಿತ್ತು. ಈಗ ಹಾಗಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಚಿತ್ರವಿರುವ ಕನ್ನಡ ಕಥೆಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಬೇಕಾದವರು ಇಳಿಸಿಕೊಳ್ಳಬಹುದು, ಅಚ್ಚು ಹಾಕಿಸಬಹುದು, ಬೇರೆ ಭಾಷೆಗೂ ತಿರುಗಿಸಬಹುದು; ಯಾರ ಅಪ್ಪಣೆಯೂ ಬೇಡ. 2017ರ ಶಿಕ್ಷಕರ ದಿನಾಚರಣೆಯಂದು ಕೇಂದ್ರ ಸರ್ಕಾರ ದೀಕ್ಷಾ ವೇದಿಕೆಯನ್ನು ತೆರೆಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಆ ಕಪ್ಪುಬಿಳುಪು ಚೌಕದ ಕ್ಯೂಆರ್ ಕೋಡ್ ಅಲ್ಲಿಗೆ ಹೋಗುವ ದಾರಿ. ಕನ್ನಡದ ಶಿಕ್ಷಕರೇ ಕೂಡಿ ಬರೆದ ಮುಕ್ತ ಸಂಪನ್ಮೂಲಗಳಿವೆ. ಶಿಕ್ಷಣದ ಒಳ್ಳೊಳ್ಳೆ ಲೇಖನಗಳನ್ನು ಕನ್ನಡಕ್ಕೆ ತಂದಿಟ್ಟಿರುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅನುವಾದ ಸಂಪದ ಇದೆ. ಯೂಟ್ಯೂಬಿನಲ್ಲಂತೂ ನಮ್ಮ ಮೇಷ್ಟ್ರುಗಳು, ಟೀಚರುಗಳು ಸ್ವಂತ ಖರ್ಚಿನಲ್ಲಿ ನಡೆಸುವ ಚಾನೆಲ್‌ಗಳನ್ನು ಎಣಿಸುವುದೇ ಕಷ್ಟ.

ಇಷ್ಟೆಲ್ಲ ಇದ್ದೂ ಬೇಕಾದ ಮಗುವಿನ ಮುಂದೆ ಬೇಕಾದ ಹೊತ್ತಿಗೆ ಅದು ಇರುವುದಿಲ್ಲ. ಸಾಮಗ್ರಿ ಮಾಡುವವರು ಇದಕ್ಕೆ ಪ್ರಚಾರ ಸಾಲದು ಎನ್ನುತ್ತಾರೆ. ಪೋಸ್ಟರ್ ಮಾಡಿಸುತ್ತಾರೆ, ಬಿಡುಗಡೆ ಸಮಾರಂಭ ಮಾಡುತ್ತಾರೆ, ಲಿಂಕನ್ನು ನೂರು ಗುಂಪಿಗೆ ಕಳಿಸುತ್ತಾರೆ. ನನಗೆ ಕಂಡಂತೆ ಕೊರತೆ ಇರುವುದು ಬೇರೆ ಕಡೆ. ಆ ಮನೆಯಲ್ಲಿ ಫೋನು ಯಾರ ಕೈಯಲ್ಲಿರುತ್ತದೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತದೆ, ಬಂದಮೇಲೆ ಮೊದಲು ಯಾರು ಕೈ ಹಾಕುತ್ತಾರೆ ಎನ್ನುವುದನ್ನು ವಿಚಾರಿಸಿದವರು ಕಡಿಮೆ.

ಬ್ಯಾಡಗಿಯ ಹತ್ತಿರದ ಒಂದು ಊರಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಣ್ಣುಮಕ್ಕಳ ಜೊತೆ ಒಂದು ಮಧ್ಯಾಹ್ನ ಕೂತು ಇದನ್ನೇ ಕೇಳಿದ್ದೆ. ಘಾಟಿಗೆ ನನ್ನ ಮೂಗು ಕಣ್ಣು ಎರಡೂ ಸುರಿಯುತ್ತಿದ್ದವು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ನಾಲ್ಕನೇ ತರಗತಿಯ ಹುಡುಗಿಯ ತಾಯಿ ಹೇಳಿದ ಮಾತು ಇದು: “ಫೋನ್ ನಮ್ಮನಿಯವರ ಕಡಿ ಇರ್ತೈತ್ರಿ ಸರ. ಅವರು ಬರೂದು ರಾತ್ರಿ ಎಂಟಕ್ಕ. ಬಂದ ಕೂಡ್ಲೆ ದೊಡ್ಡಾಂವ ಕಸಗೊಂಡು ಕುಂದರ್ತಾನ. ಇಕಿ ಪಾಳಿ ಬರೂದ್ರೊಳಗ ಇಕಿ ಮಲಗಿರ್ತಾಳ. ಟೀಚರ್ ಏನ್ ಹಾಕ್ಯಾರ ಅಂತ ನೋಡಾಕ ನನಗ ಓದಾಕ ಬರಂಗಿಲ್ರಿ. ಮಾತಾಡಿ ಕಳಿಸಿದ್ರ ಕೇಳ್ತೀನಿ.”

ನಾಲ್ಕು ಸಾಲಿನ ಈ ಮಾತಿನಲ್ಲಿ ತಿಳಿಯಬೇಕಾದ್ದೆಲ್ಲ ಇದೆ. ಮನೆಗೆ ಒಂದು ಫೋನು. ಹಗಲು ಅದು ಗಂಡಸಿನ ಜೇಬಿನಲ್ಲಿ, ಮನೆಯಿಂದ ಹೊರಗೆ. ರಾತ್ರಿ ದೊಡ್ಡ ಮಗನ ಪಾಲು. ಸಣ್ಣ ಹುಡುಗಿಗೆ ಕೊನೆಯ ಸರದಿ. ತಾಯಿಗೆ ಅಕ್ಷರ ಬಾರದು, ಆದರೆ ದನಿ ಕೇಳಿಸಿಕೊಳ್ಳಲು ತಯಾರಿದ್ದಾಳೆ. ಬೆಳಿಗ್ಗೆ ಹತ್ತೂವರೆಗೆ ಶಾಲೆಯಿಂದ ಕಳಿಸಿದ ಪಿಡಿಎಫ್ ಈ ಮನೆಗೆ ತಲುಪಿತೆಂದು ವಾಟ್ಸಾಪಿನ ನೀಲಿ ಗೆರೆಗಳು ಹೇಳುತ್ತವೆ. ಅದನ್ನು ತೆರೆದದ್ದು ಹಾವೇರಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಅಪ್ಪ. ಬೆರಳಾಡಿಸಿ ಮುಂದೆ ಹೋಗಿದ್ದಾನೆ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ 2018ರಲ್ಲಿ ಶಾಲೆಗೆ ದಾಖಲಾದ ಮಕ್ಕಳ ಪೈಕಿ ಶೇಕಡಾ 36.5ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. 2021ಕ್ಕೆ ಅದು ಶೇಕಡಾ 67.6ಕ್ಕೆ ಏರಿತು. ಮೂರೇ ವರ್ಷದಲ್ಲಿ ಹೆಚ್ಚು ಕಡಿಮೆ ಎರಡರಷ್ಟು! ಇದನ್ನು ನೋಡಿ ಕುಣಿದವರು ಅದೇ ವರದಿಯ ಇನ್ನೊಂದು ಅಂಕಿಯನ್ನು ಗಮನಿಸಲಿಲ್ಲ: ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದ ಮಕ್ಕಳಲ್ಲೇ ಕಾಲು ಭಾಗಕ್ಕಿಂತ ಹೆಚ್ಚು, ಅಂದರೆ ಶೇಕಡಾ 26ರಷ್ಟು ಮಕ್ಕಳ ಕೈಗೆ ಅದು ಸಿಗುತ್ತಲೇ ಇರಲಿಲ್ಲ. ಇನ್ನು ಇಂಟರ್‌ನೆಟ್ಟನ್ನು ಒಮ್ಮೆಯಾದರೂ ಬಳಸಿದ್ದೀರಾ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳಿದಾಗ ಹೌದೆಂದ ಹೆಂಗಸರು ಮೂರರಲ್ಲಿ ಒಬ್ಬರು. ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು. ಮಗುವಿನ ಪಾಠ ಕೇಳುವವಳು ತಾಯಿ, ಪಾಠದ ಲಿಂಕು ಹೋಗುವುದು ತಂದೆಗೆ!

ರೀಚಾರ್ಜಿನ ವಿಷಯ ಯಾವ ಯೋಜನಾ ವರದಿಯಲ್ಲೂ ಬರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಇರುವುದು 28 ದಿನದ ಪ್ಯಾಕು, ದಿನಕ್ಕೆ ಇಷ್ಟು ಡೇಟಾ ಎಂಬ ಕಟ್ಟಳೆ. ಪ್ಯಾಕು ಮುಗಿದ ಮೇಲೆ ಕೂಲಿ ಬಟವಾಡೆ ಆಗುವ ತನಕ ನಾಲ್ಕೈದು ದಿನ ಫೋನು ಸುಮ್ಮನೆ ಬಿದ್ದಿರುತ್ತದೆ. ಆ ದಿನಗಳಲ್ಲಿ ಕಳಿಸಿದ್ದೆಲ್ಲ ಒಟ್ಟಿಗೆ ಬಂದು ಬೀಳುತ್ತದೆ, ಒಟ್ಟಿಗೇ ಅಳಿಸಿಯೂ ಹೋಗುತ್ತದೆ. ಫೋನಿನಲ್ಲಿ ಜಾಗ ತುಂಬಿತೆಂದಾಗ ಜನ ಮೊದಲು ಅಳಿಸುವುದು ದೊಡ್ಡ ವಿಡಿಯೊಗಳನ್ನು. ಮೊಮ್ಮಗುವಿನ ಜವಳದ ಫೋಟೊ ಅಳಿಸಿ ಗುಣಾಕಾರದ ಪಾಠ ಉಳಿಸಿಕೊಳ್ಳುವ ಮನೆಯನ್ನು ನಾನು ಕಂಡಿಲ್ಲ. ಎಂಬತ್ತು ಎಂಬಿಯ ಚಂದದ ವಿಡಿಯೊಗಿಂತ ಎರಡು ನಿಮಿಷದ ದನಿಯ ಸಂದೇಶ ಹೆಚ್ಚು ದಿನ ಉಳಿಯುತ್ತದೆ. ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಕರೆ ಬಂದು ಕಥೆ ಕೇಳಿಸುವ ಏರ್ಪಾಟನ್ನು ಪ್ರಥಮ್ ಬುಕ್ಸ್‌ನವರು ಮಾಡಿದ್ದು ಈ ಮರ್ಮ ಅರಿತೇ. ದುಡ್ಡು ಉಳಿಸಲು ಮಿಸ್ಡ್ ಕಾಲ್ ಕೊಡುವ ಅಭ್ಯಾಸ ನಮ್ಮ ಜನಕ್ಕೆ ಮೊದಲೇ ಇತ್ತು. ಅದರ ಬೆನ್ನೇರಿ ಕಥೆ ಬಂತು. ಗುಂಡಿ ಒತ್ತುವ ಡಬ್ಬಾ ಫೋನೂ ಸಾಕಾಯಿತು.

ಮನೆಮನೆಯ ಸ್ಥಿತಿ ನೋಡಿ ಕೆಲಸ ಹಚ್ಚಿದ ಒಂದು ಉದಾಹರಣೆ ನಮ್ಮ ಕರ್ನಾಟಕದಲ್ಲೇ ಇದೆ. 2020ರ ಆಗಸ್ಟಿನಲ್ಲಿ ಶಾಲೆಗಳೆಲ್ಲ ಮುಚ್ಚಿದ್ದಾಗ ಬಂದ ವಿದ್ಯಾಗಮ. ಆಗ ಶಿಕ್ಷಕರು ಮೊದಲು ಮಾಡಿದ ಕೆಲಸ ಪಾಠವಲ್ಲ, ಪಟ್ಟಿ. ಯಾವ ಸಾಧನವೂ ಇಲ್ಲದ ಮಕ್ಕಳು ಯಾರು, ಇಂಟರ್‌ನೆಟ್ ಇಲ್ಲದ ಮೊಬೈಲ್ ಇರುವವರು ಯಾರು, ಇಂಟರ್‌ನೆಟ್ ಇರುವ ಸ್ಮಾರ್ಟ್‌ಫೋನೋ ಕಂಪ್ಯೂಟರೋ ಇರುವವರು ಯಾರು ಎಂದು ಮೂರು ಗುಂಪು ಮಾಡಿಕೊಂಡರು. ಏನೂ ಇಲ್ಲದವರಿಗೆ ಅರಳಿಕಟ್ಟೆ, ಗುಡಿಯ ಅಂಗಳ, ಸಮುದಾಯ ಭವನ ಪಾಠಶಾಲೆಯಾಯಿತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಮತ್ತೆ 2021ರ ಜನವರಿಯಲ್ಲಿ ಆರಂಭವಾಯಿತು. ಆ ಯೋಜನೆಯ ಗುಣದೋಷ ಏನೇ ಇರಲಿ, ಪಟ್ಟಿ ಮಾಡಿದ ಆ ಬುದ್ಧಿಯನ್ನು ಶಾಲೆ ತೆರೆದ ಕೂಡಲೇ ಕೈಬಿಟ್ಟದ್ದು ದುಬಾರಿಯಾಯಿತು. ಪಟ್ಟಿ ಈಗಲೂ ಬೇಕು. ಆಗ ಫೋನು ಇಲ್ಲದವರು ಯಾರೆಂದು ಬರೆದುಕೊಂಡೆವು. ಈಗ ಇರುವ ಫೋನು ಮಗುವಿಗೆ ಯಾವಾಗ ಸಿಗುತ್ತದೆ ಎಂದು ಬರೆದುಕೊಳ್ಳಬೇಕು.

ಇನ್ನು ಶಿಕ್ಷಕರ ಕಡೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಏಕೆಂದರೆ ಶಿಕ್ಷಕರು ಓದುವುದಿಲ್ಲ, ಹೊಸದನ್ನು ನೋಡುವುದಿಲ್ಲ ಎಂಬ ಮಾತನ್ನು ಸುಲಭವಾಗಿ ಆಡಿಬಿಡುತ್ತೇವೆ.

ಶಿರಾ ಕಡೆಯ ಒಬ್ಬ ವಿಜ್ಞಾನ ಶಿಕ್ಷಕಿ ಸಂಜೆ ಬಸ್ಸಿಗೆ ಕಾಯುತ್ತ ತಮ್ಮ ಫೋನನ್ನು ನನ್ನ ಕೈಗೇ ಕೊಟ್ಟರು, ನೀವೇ ನೋಡಿ ಸರ್ ಎಂದರು. ವಾಟ್ಸಾಪಿನಲ್ಲಿ ಮೇಲಿನಿಂದ ಕೆಳಗೆ ಗುಂಪುಗಳ ಸಾಲು: ಬಿಇಒ ಕಚೇರಿಯದು, ಕ್ಲಸ್ಟರಿನದು, ಬಿಸಿಯೂಟದ್ದು, ಮತದಾರರ ಪಟ್ಟಿಯ ಕೆಲಸದ್ದು, ಸಂಘದ್ದು, ವಿಷಯ ಶಿಕ್ಷಕರದು, ಏಳನೇ ತರಗತಿ ಪೋಷಕರದು, ಬಿ.ಇಡಿ. ಗೆಳತಿಯರದು. ಬಿಇಒ ಗುಂಪಿನಲ್ಲಿ ‘ತುರ್ತು’ ಎಂಬ ಸಂದೇಶ: ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ಪಡೆದವರೆಷ್ಟು, ನಾಲ್ಕು ಗಂಟೆಯೊಳಗೆ ಕಳಿಸಿ. ಅದರ ಕೆಳಗೆ ಮಕ್ಕಳ ವಿವರ ತುಂಬುವ ಸ್ಯಾಟ್ಸ್ ತಂತ್ರಾಂಶದಲ್ಲಿ ಇನ್ನೂ ಅಪ್‌ಲೋಡ್ ಮಾಡದ ಶಾಲೆಗಳ ಪಟ್ಟಿ, ತಮ್ಮ ಶಾಲೆಯ ಹೆಸರು ಹಳದಿ ಬಣ್ಣದಲ್ಲಿ. ಅದರ ಕೆಳಗೆ ಶುಭೋದಯದ ಗುಲಾಬಿ. ಅದರ ಕೆಳಗೆ ಯಾವುದೋ ಪ್ರತಿಷ್ಠಾನದವರ ಹನ್ನೆರಡು ನಿಮಿಷದ ವಿಡಿಯೊ, ದ್ಯುತಿಸಂಶ್ಲೇಷಣೆಯ ಮೇಲೆ. ಬಂದು ಮೂರು ದಿನವಾಗಿತ್ತು.

“ವಿಡಿಯೊ ಚೆನ್ನಾಗೇ ಇರುತ್ತೆ ಸರ್, ನಮಗೂ ಗೊತ್ತು. ಆದ್ರೆ ಅದನ್ನ ಮೊದಲು ನಾನು ಪೂರ್ತಿ ನೋಡ್ಬೇಕು, ನಮ್ ಪಾಠಕ್ಕೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸೋ ಹಾಗೆ ಗುರುತು ಮಾಡ್ಕೋಬೇಕು. ಟೈಮ್ ಎಲ್ಲಿದೆ? ಎಷ್ಟನೇ ನಿಮಿಷದಲ್ಲಿ ಏನಿದೆ ಅಂತ ಎರಡು ಸಾಲು ಕೆಳಗೆ ಬರೆದು ಹಾಕಿದ್ರೂ ಸಾಕಿತ್ತು.”

ಎರಡು ಸಾಲು! ಆ ವಿಡಿಯೊ ಮಾಡಲು ಎಷ್ಟು ಲಕ್ಷ ಖರ್ಚಾಗಿತ್ತೋ, ಎರಡು ಸಾಲು ಬರೆಯುವುದು ಯಾರ ತಲೆಗೂ ಹೊಳೆದಿರಲಿಲ್ಲ. ಟೈಮ್ ಎಲ್ಲಿದೆ ಎಂಬ ಅವರ ಮಾತೂ ನೆಪವಲ್ಲ: 2025ರ ದಸರಾ ರಜೆಯಲ್ಲಿ ನಮ್ಮ ಶಿಕ್ಷಕರು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆಂದು ಮನೆಮನೆ ಅಲೆದದ್ದು ನಿಮಗೆ ನೆನಪಿರಬಹುದು. ಇಂಥ ಕೆಲಸಗಳ ನಡುವೆ ಶಿಕ್ಷಕರ ಫೋನಿನಲ್ಲಿ ಕಲಿಕೆಗೆ ಉಳಿದಿರುವ ಜಾಗ ಅಷ್ಟೇ. ಸಿಕ್ಕ ಜಾಗಕ್ಕೆ ತಕ್ಕಂತೆ ಹೊಲಿದರೆ ಮಾತ್ರ ಅಂಗಿ ಹಿಡಿಸುತ್ತದೆ.

ಅದೇ ಶಿಕ್ಷಕಿಯ ಫೋನಿನಲ್ಲಿ ಗೂಗಲ್ ತೆರೆದರೆ ಬೇರೆಯದೇ ಚಿತ್ರ. ಕಳಿಸಿದ್ದನ್ನು ನೋಡದವರು ತಾವೇ ಹುಡುಕಿದ್ದು ಎಷ್ಟೋ ಇತ್ತು. ಹುಡುಕಿದ ರೀತಿಯನ್ನು ಗಮನಿಸಬೇಕು: ತರಗತಿ, ವಿಷಯ, ಪಾಠದ ಹೆಸರು, ಕೊನೆಗೆ ‘ನೋಟ್ಸ್’ ಅಥವಾ ‘ಪ್ರಶ್ನೋತ್ತರ’. ಬಹುಪಾಲು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದ್ದು. ನಾವೋ ಪಾಠದ ವಿಡಿಯೊಗೆ ‘ಬೆಳಕಿನ ಮಾಯಾಲೋಕ’ ಎಂದು ಹೆಸರಿಟ್ಟು ಕೂತಿರುತ್ತೇವೆ. ಕೇಳಲು ಸೊಗಸಾಗಿದೆ. ಆದರೆ ಹುಡುಕುವವರು ಬರೆಯುವುದು ‘10ನೇ ತರಗತಿ ವಿಜ್ಞಾನ, ಬೆಳಕು, ಪ್ರತಿಫಲನ ಮತ್ತು ವಕ್ರೀಭವನ’ ಎಂದು. ಮಾಯಾಲೋಕ ಅವರಿಗೆ ಸಿಗುವುದೇ ಇಲ್ಲ. ಪಠ್ಯಪುಸ್ತಕದಲ್ಲಿ ಪಾಠಕ್ಕೆ ಯಾವ ಹೆಸರಿದೆಯೋ ಅದೇ ಹೆಸರು ವಿಡಿಯೊಗೂ ಇರಬೇಕು, ಕಾವ್ಯ ಆಮೇಲೆ.

ಇದರ ಜೊತೆಗೆ ಕನ್ನಡಕ್ಕೇ ವಿಶೇಷವಾದ ಒಂದು ತೊಡಕಿದೆ. ನಮ್ಮ ಶಿಕ್ಷಕರು ವರ್ಷಗಟ್ಟಲೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿಟ್ಟ ಅಪರೂಪದ ಟಿಪ್ಪಣಿಗಳು, ಪ್ರಶ್ನೆಪತ್ರಿಕೆಗಳು ಹುಡುಕುಯಂತ್ರದ ಕಣ್ಣಿಗೆ ಕನ್ನಡವಾಗಿ ಕಾಣುವುದಿಲ್ಲ. ಯೂನಿಕೋಡಿಗೆ ಬದಲಾಯಿಸಿದ ದಿನವೇ ಕಾಣಲಾರಂಭಿಸುತ್ತವೆ. ಹೊಸ ಸಾಮಗ್ರಿಗೆ ದುಡ್ಡು ಸುರಿಯುವ ಬದಲು ಇರುವ ಹಳೆಯದನ್ನು ಯೂನಿಕೋಡಿಗೆ ತರಲು ಯಾರಾದರೂ ನಾಲ್ಕು ಕಾಸು ಕೊಟ್ಟರೆ ದೊಡ್ಡ ಉಪಕಾರ. ಇದಕ್ಕೆ ಫಲಕ ಅನಾವರಣ, ದೀಪ ಬೆಳಗುವುದು ಇರುವುದಿಲ್ಲವಾದ್ದರಿಂದ ದಾನಿಗಳು ಮುಂದೆ ಬರುವುದಿಲ್ಲವೇನೋ.

ಹುಡುಕಾಟಕ್ಕೂ ಮಳೆ ಬೆಳೆಯ ಹಾಗೆ ಕಾಲವಿದೆ. ಜೂನಿನಲ್ಲಿ ಹಿಂದಿನ ತರಗತಿಯ ಕಲಿಕೆ ನೆನಪಿಸುವ ಸೇತುಬಂಧ. ಆಗಸ್ಟ್ ಮೊದಲ ವಾರದಲ್ಲಿ ಸ್ವಾತಂತ್ರ್ಯ ದಿನದ ಭಾಷಣ. ಪ್ರತಿಭಾ ಕಾರಂಜಿ ಹತ್ತಿರ ಬಂದಾಗ ಏಕಪಾತ್ರಾಭಿನಯ, ಕಥೆ ಹೇಳುವುದು. ಅಕ್ಟೋಬರ್ ಕೊನೆಗೆ ರಾಜ್ಯೋತ್ಸವದ ಪ್ರಬಂಧ. ಹೊಸ ವರ್ಷ ಕಾಲಿಟ್ಟಿತೆಂದರೆ ಎಸ್ಸೆಸ್ಸೆಲ್ಸಿ ನೀಲನಕ್ಷೆ, ಮಾದರಿ ಪ್ರಶ್ನೆಪತ್ರಿಕೆ, ಮತ್ತೆ ಆ ಹೆಸರಾಂತ ‘ಪಾಸಿಂಗ್ ಪ್ಯಾಕೇಜ್’. ಶಿಕ್ಷಣತಜ್ಞರು ಪಾಸಿಂಗ್ ಪ್ಯಾಕೇಜ್ ಎಂದರೆ ಮೂಗು ಮುರಿಯುತ್ತಾರೆ. ನನಗೂ ಅದರ ಮೇಲೆ ಪ್ರೀತಿಯಿಲ್ಲ. ಆದರೆ ಜನವರಿ ರಾತ್ರಿ ಹತ್ತು ಗಂಟೆಗೆ ಶಿಕ್ಷಕರೂ ಮಕ್ಕಳೂ ತಟ್ಟುವುದು ಆ ಬಾಗಿಲನ್ನೇ. ನಮ್ಮ ಒಳ್ಳೆಯ ವಿವರಣೆಯನ್ನು ಆ ಬಾಗಿಲ ಒಳಗೆ ಇಟ್ಟರೆ ತಪ್ಪೇನು? ಮಸೂರದ ಚಿತ್ರವನ್ನು ಉರುಹೊಡೆಯಲು ಬಂದ ಹುಡುಗನಿಗೆ ಕಿರಣ ಯಾಕೆ ಬಾಗುತ್ತದೆ ಎಂಬುದು ಅರ್ಧ ಪುಟದಲ್ಲಿ ಅಲ್ಲೇ ಸಿಗಲಿ.

ಮತ್ತೊಂದು ಮಾತು. ಶಿಕ್ಷಕರು ಅಧಿಕಾರಿ ಕಳಿಸಿದ್ದನ್ನು ಮೇಲುಮೇಲಕ್ಕೆ ನೋಡಿ ಬಿಡುತ್ತಾರೆ, ಇನ್ನೊಬ್ಬ ಶಿಕ್ಷಕರು ಕಳಿಸಿದ್ದನ್ನು ಬಳಸುತ್ತಾರೆ. ಇಂಟರ್‌ನೆಟ್ ಬರುವ ಮೊದಲೂ ಹೀಗೇ ಇತ್ತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಪದ್ಧತಿಯನ್ನೇ ನೋಡಿ. ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ಕಂಡು ಬಂದ ಪ್ರಾಥಮಿಕ ಶಾಲಾ ಶಿಕ್ಷಕರು ತಾವೇ ಕೂತು ಕಲಿಕೆಯ ಕಾರ್ಡುಗಳನ್ನು ಬರೆದರು, ತರಗತಿಯಲ್ಲಿ ಆಡಿಸಿ ತಿದ್ದಿದರು. ಮುಂದೆ ಅದು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೋಯಿತು. ಕಾರ್ಡಿನ ಹಿಂದೆ ತಮ್ಮಂಥದೇ ಒಂದು ಶಾಲೆ, ತಮ್ಮಂಥದೇ ಒಬ್ಬ ಮೇಷ್ಟ್ರು ಇದ್ದಾರೆಂಬ ನಂಬಿಕೆ ಅದಕ್ಕೆ ಬಲವಾಯಿತು. ಈಗಲೂ ಒಂದು ಕ್ಲಸ್ಟರಿನಲ್ಲಿ ಏನನ್ನಾದರೂ ಬಳಕೆಗೆ ತರಬೇಕಾದರೆ ಎಲ್ಲರಿಗೂ ಕಳಿಸಬೇಕಾಗಿಲ್ಲ. ಉಳಿದವರು ಯಾರನ್ನು ಕೇಳುತ್ತಾರೋ ಆ ಒಬ್ಬಿಬ್ಬರನ್ನು ಗುರುತಿಸಿ, ಅವರ ತರಗತಿಯಲ್ಲಿ ಆಡಿಸಿ ನೋಡಬೇಕು. ವಾಟ್ಸಾಪೇ ಈಗ ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಮ್ಮೆಗೆ ಒಂದೇ ಕಡೆ ಕಳಿಸಲು ಬಿಡುತ್ತದೆ. ಸುಳ್ಳುಸುದ್ದಿ ತಡೆಯಲು 2020ರಲ್ಲಿ ತಂದ ಈ ಕಟ್ಟು ಒಳ್ಳೆಯ ಪಾಠಕ್ಕೂ ಅನ್ವಯಿಸುತ್ತದಲ್ಲ!

ನೋಡುವವರನ್ನು ಅರಿತು ಆಮೇಲೆ ತೋರಿಸುವುದು ನಮ್ಮ ದೇಶಕ್ಕೆ ಹೊಸ ವಿದ್ಯೆಯಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ನಡೆಸಿದ ‘ಸೈಟ್’ ಪ್ರಯೋಗವನ್ನು ನೆನೆಯಿರಿ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಟ್ಟರು. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು ಅದರಲ್ಲಿದ್ದವು. ಆಕಾಶಕ್ಕೆ ಮುಖ ಮಾಡಿದ ಜಾಲರಿ ಆಂಟೆನಾ, ಊರಿನ ಶಾಲೆಯಲ್ಲೋ ಪಂಚಾಯಿತಿಯಲ್ಲೋ ಒಂದು ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಕಾರ್ಯಕ್ರಮ, ಹೊಲದ ಕೆಲಸ ಮುಗಿಸಿ ಬಂದ ದೊಡ್ಡವರಿಗೆ ಸಂಜೆ. ಇಸ್ರೋ ಸಂಸ್ಥೆ ಉಪಗ್ರಹ ತಂತ್ರಜ್ಞರ ಜೊತೆ ಸಮಾಜಶಾಸ್ತ್ರಜ್ಞರನ್ನೂ ಕಟ್ಟಿಕೊಂಡಿತ್ತು. ಅವರಲ್ಲಿ ಕೆಲವರು ಹಳ್ಳಿಗಳಲ್ಲೇ ಉಳಿದು ಯಾರು ನೋಡುತ್ತಾರೆ, ಯಾರು ಎದ್ದು ಹೋಗುತ್ತಾರೆ, ಏನು ಅರ್ಥವಾಯಿತು ಎಂದು ಬರೆದುಕೊಂಡರು. ಆ ವರ್ಷದ ಕಾಗದಪತ್ರಗಳಲ್ಲಿ ನನಗೆ ಹೆಚ್ಚು ಬೆಲೆಬಾಳುವುದಾಗಿ ಕಾಣುವುದು ಈ ಟಿಪ್ಪಣಿಗಳೇ. ಈಗ ಯೂಟ್ಯೂಬು ಎಷ್ಟು ಜನ ಎಷ್ಟು ಸೆಕೆಂಡು ನೋಡಿದರೆಂದು ಲೆಕ್ಕ ಕೊಡುತ್ತದೆ, ನಾವು ಅದಕ್ಕೇ ತೃಪ್ತರು. ಹತ್ತು ಸಾವಿರ ವೀಕ್ಷಣೆ ಎಂದು ಬೀಗುವಾಗ ಅದರಲ್ಲಿ ಮಕ್ಕಳೆಷ್ಟು, ತಾನಾಗಿ ಓಡಿದ್ದೆಷ್ಟು ಎಂದು ಕೇಳುವವರಿಲ್ಲ.

ನೋಡಿದ್ದು ಕಲಿತಂತೆ ಅಲ್ಲ ಎನ್ನುವುದಕ್ಕೆ ಆಫ್ರಿಕಾದ ಬೋಟ್ಸ್‌ವಾನಾದಿಂದ ಒಳ್ಳೆಯ ಪುರಾವೆ ಸಿಕ್ಕಿದೆ. ಕೊರೊನಾ ಕಾಲದಲ್ಲಿ ಅಲ್ಲಿ ಕೆಲವು ಮನೆಗಳಿಗೆ ವಾರ ವಾರ ಲೆಕ್ಕಗಳನ್ನು ಎಸ್‌ಎಂಎಸ್ ಮಾಡಿದರು. ಇನ್ನು ಕೆಲವು ಮನೆಗಳಿಗೆ ಎಸ್‌ಎಂಎಸ್ ಜೊತೆಗೆ ಕರೆಯನ್ನೂ ಮಾಡಿ ಹದಿನೈದಿಪ್ಪತ್ತು ನಿಮಿಷ ಮಗು ಮತ್ತು ಪೋಷಕರ ಜೊತೆ ಮಾತಾಡಿದರು. ಬರೀ ಸಂದೇಶದಿಂದ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮಾತಾಡಿದ ಮನೆಗಳ ಮಕ್ಕಳು ಕೂಡುವ ಕಳೆಯುವ ಲೆಕ್ಕದಲ್ಲಿ ಮುಂದೆ ಬಂದರು. ಇಂಟರ್‌ನೆಟ್ ಬೇಕಾಗಲಿಲ್ಲ, ಆ್ಯಪ್ ಬೇಕಾಗಲಿಲ್ಲ.

ದೊಡ್ಡ ಮಕ್ಕಳ ವಿಷಯ ಬೇರೆ. 14ರಿಂದ 16ರ ಹರೆಯದ ಗ್ರಾಮೀಣ ಮಕ್ಕಳಲ್ಲಿ ಫೋನು ಬಳಸಬಲ್ಲವರ ಪೈಕಿ ಶೇಕಡಾ 57ರಷ್ಟು ಮಂದಿ ಹಿಂದಿನ ವಾರ ಅದನ್ನು ಕಲಿಕೆಗೆ ಬಳಸಿದ್ದರು, ಶೇಕಡಾ 76ರಷ್ಟು ಮಂದಿ ಸಾಮಾಜಿಕ ಜಾಲತಾಣಕ್ಕೆ ಎಂದು 2024ರ ಅಸರ್ ವರದಿ ಹೇಳುತ್ತದೆ. ನನಗಿದು ನಿರಾಶೆಯ ಅಂಕಿ ಎನಿಸುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಪಾಠಕ್ಕೆಂದು ಫೋನು ತೆರೆಯುತ್ತಿದ್ದಾರೆ. ತೆರೆದಾಗ ಮುಂದೆ ಏನಿದೆ ಎಂಬುದು ದೊಡ್ಡವರ ಹೊಣೆ.

ಅಭ್ಯಾಸ ತಿಳಿಯಬೇಕು ಎಂದಾಗ ಒಂದು ಅಪಾಯವೂ ಇದೆ. ಕೇಳಿ ತಿಳಿಯುವುದು ಒಂದು, ಬಗ್ಗಿ ನೋಡಿ ತಿಳಿಯುವುದು ಇನ್ನೊಂದು. ಸರ್ಕಾರಗಳೇ ಶಿಫಾರಸು ಮಾಡಿದ 160ಕ್ಕೂ ಹೆಚ್ಚು ಕಲಿಕಾ ಆ್ಯಪ್‌ಗಳು ಮತ್ತು ತಾಣಗಳನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 49 ದೇಶಗಳಲ್ಲಿ ಪರಿಶೀಲಿಸಿ 2022ರಲ್ಲಿ ವರದಿ ಕೊಟ್ಟಿತು. ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳ ಖಾಸಗಿತನಕ್ಕೆ ಧಕ್ಕೆ ತರುವ ರೀತಿಯಲ್ಲಿದ್ದವು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಬೆನ್ನು ಹತ್ತಿ ಚಟುವಟಿಕೆ ಗಮನಿಸುವುದನ್ನೂ ಅವರಿಗೇ ಗುರಿಯಿಟ್ಟ ಜಾಹೀರಾತನ್ನೂ ನಿಷೇಧಿಸುತ್ತದೆ. ಕೆಲವು ವಿನಾಯಿತಿಗಳಿಗೆ ಅವಕಾಶ ಇಟ್ಟಿದೆ, ಆ ಮಾತು ಬೇರೆ. ಮಗುವಿನ ಬೆರಳು ಎಲ್ಲೆಲ್ಲಿ ಹೋಯಿತೆಂದು ಕದ್ದು ನೋಡಿ ಮಾಡುವ ಪ್ರಚಾರ ನಮಗೆ ಬೇಡ.

ಕೇಳುವುದು ಸುಲಭವೂ ಹೌದು, ಅಗ್ಗವೂ ಹೌದು. ಮುಂದಿನ ಪೋಷಕರ ಸಭೆಯಲ್ಲಿ ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಯವರು, ಶಿಕ್ಷಕರು ಸೇರಿ ಒಂದು ಕೆಲಸ ಮಾಡಬಹುದು. ಹಗಲು ಫೋನು ಯಾರ ಹತ್ತಿರ ಇರುತ್ತದೆ? ರಾತ್ರಿ ಮಗುವಿಗೆ ಎಷ್ಟು ಹೊತ್ತಿಗೆ ಸಿಗುತ್ತದೆ? ಮನೆಯಲ್ಲಿ ಓದಬಲ್ಲವರು ಯಾರು, ಕೇಳಿಸಿಕೊಂಡರೆ ಸಾಕೆನ್ನುವವರು ಯಾರು? ತಾಯಂದಿರನ್ನು ಬೇರೆಯಾಗಿ ಕೇಳಿ; ಗಂಡಸರ ಮುಂದೆ ಅವರು ಎಲ್ಲವನ್ನೂ ಹೇಳುವುದಿಲ್ಲ. ಕೇಳಿದ್ದನ್ನು ತರಗತಿವಾರು ಒಂದು ಹಾಳೆಯಲ್ಲಿ ಬರೆದು ಶಾಲೆಯಲ್ಲೇ ಇಟ್ಟುಕೊಳ್ಳಿ, ಯಾವ ಕಂಪನಿಗೂ ಕೊಡಬೇಡಿ. ಪಾಠದ ಮಾತನ್ನು ರಾತ್ರಿ ಎಂಟೂವರೆಗೆ, ಎರಡು ನಿಮಿಷ ಮೀರದಂತೆ, ಮಗುವಿಗೆ ಪರಿಚಯವಿರುವ ಟೀಚರ ದನಿಯಲ್ಲೇ ಕಳಿಸಿ. ಮರುದಿನ ತರಗತಿಯಲ್ಲಿ ಅದರ ಬಗ್ಗೆ ಒಂದು ಪ್ರಶ್ನೆ ಕೇಳಿ. ಯಾರ ಮನೆಗೆ ತಲುಪಿದೆ, ಯಾರ ಮನೆಗೆ ಇಲ್ಲ ಎಂದು ಕೈ ಎತ್ತಿದವರ ಲೆಕ್ಕದಿಂದಲೇ ಗೊತ್ತಾಗುತ್ತದೆ.